ಒಬ್ಬ ಉದ್ದ, ಒಬ್ಬ ಗಿಡ್ಡ, ಒಂದು ಖಾಲಿ ಟೇಪು

ಇತ್ತ ತಲೆಹಾಕಿ ಬಹಳ ದಿನಗಳಾದವು. ಒಂದು ರಿಲೀಸು, ಅದರ ಬೆನ್ನಿಗೊಂದು ಬಗ್ಗು, ಆ ಬಗ್ಗಿನ ಬೆನ್ನಿಗೆ ಇನ್ನೊಂದು ರಿಲೀಸು... ನಮ್ಮಂಥವರ ಪಾಡು ನಿಮಗೆ ಗೊತ್ತೇ ಇದೆ. ಮೊನ್ನೆ ಶನಿವಾರ ರಾತ್ರಿ ನಿದ್ದೆ ಬಾರದೆ ಯೂಟ್ಯೂಬಿನಲ್ಲಿ ಅಲೆಯುತ್ತಿದ್ದಾಗ ಕಪ್ಪು ಬಿಳುಪಿನ ಒಂದು ಹಳೇ ತುಣುಕು ಕಣ್ಣಿಗೆ ಬಿತ್ತು. ಐದು ನಿಮಿಷ ನೋಡಿ ಮಲಗೋಣ ಅಂದುಕೊಂಡವನು ಎರಡು ಗಂಟೆಯವರೆಗೆ ಎದ್ದಿದ್ದೆ. ಒಬ್ಬನೇ ಕೂತು ಜೋರಾಗಿ ನಕ್ಕಿದ್ದಕ್ಕೆ ಪಕ್ಕದ ರೂಮಿನವನು ಬಂದು ಬಾಗಿಲು ತಟ್ಟಿ ಹೋದ :)

ದೃಶ್ಯ ಇಷ್ಟೇ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಂತೆ ಕಾಣುವ ಸೆಟ್ಟು. ಬೆಂಚಿನ ಮೇಲೆ ಮಾಸಲು ಮಳೆಕೋಟು, ಚಪ್ಪಟೆ ಟೋಪಿ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡ ಇಬ್ಬರು. ಒಬ್ಬ ಉದ್ದ, ಒಬ್ಬ ಗಿಡ್ಡ. ಉದ್ದದವನು ಕಲೆಯ ಬಗ್ಗೆ ಉಪದೇಶ ಮಾಡುತ್ತಿದ್ದಾನೆ. ಗಿಡ್ಡದವನು ಸ್ಯಾಂಡ್‌ವಿಚ್ ತಿನ್ನುತ್ತಾ ತಲೆಯಾಡಿಸುತ್ತಿದ್ದಾನೆ. ಒಳ್ಳೆಯ ಚಿತ್ರ ಅಂದರೆ ಅದರ ಕಣ್ಣು ನಾವು ಹೋದಲ್ಲೆಲ್ಲಾ ನಮ್ಮನ್ನೇ ನೋಡಬೇಕು ಅನ್ನುವುದು ಇವರ ವಿಮರ್ಶೆಯ ಅಳತೆಗೋಲು. ಸೆಜಾನನ ಬೆತ್ತಲೆ ಸ್ನಾನಗಿತ್ತಿಯರ ಚಿತ್ರದಲ್ಲಿ ನಮ್ಮ ಬೆನ್ನು ಹತ್ತಿ ಬರುವುದು ಕಣ್ಣಲ್ಲ, ಅವರ ಹಿಂಬದಿ ಎಂಬ ತೀರ್ಮಾನಕ್ಕೆ ಅದೇ ಅಳತೆಗೋಲಿನಿಂದ ಬರುತ್ತಾರೆ. ಲಿಯೊನಾರ್ಡೊ ಡ ವಿಂಚಿಯ ಒಂದು ದೊಡ್ಡ ಕರಡುಚಿತ್ರವನ್ನು ಆ ಗ್ಯಾಲರಿ 1962ರಲ್ಲಿ ಎಂಟು ಲಕ್ಷ ಪೌಂಡಿಗೆ ಕೊಂಡಿತ್ತು. ಅಂಥ ಕರಡಿಗೆ ಇಂಗ್ಲಿಷಿನಲ್ಲಿ ಕಾರ್ಟೂನ್ ಅನ್ನುತ್ತಾರೆ. ಇಷ್ಟು ದುಡ್ಡು ಕೊಟ್ಟು ತಂದ ಕಾರ್ಟೂನಿನಲ್ಲಿ ಜೋಕು ಎಲ್ಲಿದೆ ಅನ್ನುವುದು ಇವರಿಬ್ಬರ ತಲೆನೋವು!

ಆದರೆ ನಾನು ನಕ್ಕಿದ್ದು ಈ ಮಾತುಗಳಿಗಲ್ಲ. ನಡುವೆ ಒಂದು ಕಡೆ ಗಿಡ್ಡದವನಿಗೆ ನಿಜವಾಗಿಯೇ ನಗು ಬಂದುಬಿಡುತ್ತದೆ. ಬಾಯಲ್ಲಿ ಸ್ಯಾಂಡ್‌ವಿಚ್, ನಗುವ ಹಾಗಿಲ್ಲ. ಕೆನ್ನೆ ನಡುಗುತ್ತದೆ, ಮುಖ ತಿರುಗಿಸಿಕೊಳ್ಳುತ್ತಾನೆ. ಅದು ಉದ್ದದವನಿಗೆ ಗೊತ್ತಾಗುತ್ತದೆ. ಗೊತ್ತಾದಮೇಲೆ ಬಿಡುತ್ತಾನಾ? ಮುಖದಲ್ಲಿ ಒಂದು ಗೆರೆಯೂ ಕದಲದ ಹಾಗೆ ಕೂತು, ಇನ್ನಷ್ಟು ಎಳೆದು ಎಳೆದು ಮಾತಾಡುತ್ತಾನೆ. ಕೊನೆಗೆ ಸ್ಯಾಂಡ್‌ವಿಚ್ ಬಾಯಿಂದ ಹೊರಗೆ.

ಇವರು ಪೀಟರ್ ಕುಕ್ ಮತ್ತು ಡಡ್ಲಿ ಮೂರ್. ಪಾತ್ರಗಳ ಹೆಸರು ಪೀಟ್ ಮತ್ತು ಡಡ್. ಕಾರ್ಯಕ್ರಮ ಬಿಬಿಸಿ-2ರ 'ನಾಟ್ ಓನ್ಲಿ... ಬಟ್ ಆಲ್ಸೋ'. ಇವರ ಜಾಡು ಹಿಡಿದು ಎರಡು ವಾರ ಸಿಕ್ಕಿದ್ದೆಲ್ಲಾ ಓದಿದೆ, ಸಿಕ್ಕಿದ್ದೆಲ್ಲಾ ನೋಡಿದೆ. ನೋಡಲು ಸಿಕ್ಕಿದ್ದು ಮಾತ್ರ ಬಹಳ ಕಡಿಮೆ. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ಇವರಷ್ಟು ಹೊಂದಿಕೆಯಾಗದ ಜೋಡಿ ಇನ್ನೊಂದಿರಲಿಕ್ಕಿಲ್ಲ. ಕುಕ್ ಹುಟ್ಟಿದ್ದು 1937ರಲ್ಲಿ, ಟಾರ್ಕಿ ಎಂಬ ಕಡಲೂರಿನಲ್ಲಿ. ಅಪ್ಪ ನೈಜೀರಿಯಾದಲ್ಲಿ ಬ್ರಿಟಿಷ್ ವಸಾಹತಿನ ಅಧಿಕಾರಿ. ಮಗ ದುಡ್ಡಿರುವವರ ಬೋರ್ಡಿಂಗ್ ಶಾಲೆಯಲ್ಲಿ ಓದಿ, ಕೇಂಬ್ರಿಡ್ಜಿಗೆ ಹೋಗಿ ಫ್ರೆಂಚ್, ಜರ್ಮನ್ ಕಲಿತ. ವಿದೇಶಾಂಗ ಇಲಾಖೆಗೆ ಸೇರಬೇಕು ಅನ್ನುವುದು ಮನೆಯ ಲೆಕ್ಕಾಚಾರ. ಮೂವತ್ತು ವರ್ಷ ಮೊದಲು ಹುಟ್ಟಿದ್ದರೆ ನಮ್ಮ ಯಾವುದೋ ಜಿಲ್ಲೆಗೆ ಕಲೆಕ್ಟರಾಗಿ ಬಂದು ಕೂರುತ್ತಿದ್ದನೋ ಏನೋ!

ಮೂರ್ ಹುಟ್ಟಿದ್ದು 1935ರಲ್ಲಿ. ಬೆಳೆದದ್ದು ಲಂಡನ್ನಿನ ಪೂರ್ವಕ್ಕಿರುವ ಡ್ಯಾಗೆನ್‌ಹ್ಯಾಮಿನ ಕಾರ್ಮಿಕರ ಬಡಾವಣೆಯಲ್ಲಿ. ಅಪ್ಪ ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್. ಹುಡುಗನ ಪಾದ ಹುಟ್ಟುವಾಗಲೇ ತಿರುಚಿಕೊಂಡಿತ್ತು, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಬಾಲ್ಯದ ಬಹಳ ದಿನಗಳು ಆಸ್ಪತ್ರೆಯಲ್ಲೇ ಕಳೆದವು. ಶಾಲೆಯಲ್ಲಿ ಬೇರೆ ಹುಡುಗರು ಹೊಡೆಯದಿರಲಿ ಅಂತ ಅವರನ್ನು ನಗಿಸುವುದನ್ನು ಕಲಿತ. ಕೈಹಿಡಿದದ್ದು ಸಂಗೀತ. ಚರ್ಚಿನ ಆರ್ಗನ್ ನುಡಿಸುವ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿಗೆ ಹೋದ. ಕುಕ್ ಆರಡಿಗೂ ಮೇಲೆ, ಮೂರ್ ಐದಡಿ ಎರಡೂವರೆ ಇಂಚು.

ಇಬ್ಬರೂ ಒಂದಾದದ್ದು 1960ರ ಆಗಸ್ಟಿನಲ್ಲಿ, ಎಡಿನ್‌ಬರೊ ಉತ್ಸವದ 'ಬಿಯಾಂಡ್ ದ ಫ್ರಿಂಜ್' ಎಂಬ ರಂಗಪ್ರಯೋಗದಲ್ಲಿ. ಅಲನ್ ಬೆನೆಟ್, ಜೊನಾಥನ್ ಮಿಲ್ಲರ್ ಸೇರಿ ಒಟ್ಟು ನಾಲ್ವರು. ಅದು ಲಂಡನ್ನಿಗೂ ಅಲ್ಲಿಂದ ನ್ಯೂಯಾರ್ಕಿಗೂ ಹೋಯಿತು. ಊರಿಗೆ ಮರಳಿದ ಮೂರ್‌ಗೆ ಬಿಬಿಸಿ ಒಂದು ಟೀವಿ ಕಾರ್ಯಕ್ರಮ ಕೊಟ್ಟಿತು. ಗಮನಿಸಿ, ಕೊಟ್ಟಿದ್ದು ಮೂರ್ ಒಬ್ಬನಿಗೆ! ಅವನು ಕುಕ್‌ನನ್ನು ಅತಿಥಿಯಾಗಿ ಕರೆದ. ಕುಕ್ ಎರಡು ಪ್ರಹಸನ ಬರೆದುಕೊಂಡು ಬಂದ. ಒಂದು, ಕಾಗೆಜಾತಿಯ ಹಕ್ಕಿಗಳಿಗೆ ನೀರಿನೊಳಗೆ ಹಾರುವುದನ್ನು ಕಲಿಸಲು ಇಡೀ ಜನ್ಮ ಸವೆಸಿದ ಒಬ್ಬ ಸಿರಿವಂತನ ಸಂದರ್ಶನ. ಇನ್ನೊಂದು, ಮಳೆಕೋಟಿನ ಇಬ್ಬರು ಸಾಮಾನ್ಯರು ಕೂತು, ರಾತ್ರಿಯೆಲ್ಲಾ ಹಾಲಿವುಡ್ ತಾರೆಯರು ಮನೆಗೆ ಬಂದು ಕಾಟ ಕೊಡುತ್ತಾರೆ, ಗ್ರೇಟಾ ಗಾರ್ಬೊಳಂಥವಳನ್ನೂ ಓಡಿಸಿ ಓಡಿಸಿ ಸಾಕಾಯಿತು ಅಂತ ಒಬ್ಬರಿಗೊಬ್ಬರು ಗೋಳು ಹೇಳಿಕೊಳ್ಳುವುದು. ಪೀಟ್ ಮತ್ತು ಡಡ್ ಹುಟ್ಟಿದ್ದು ಹೀಗೆ. 1965ರ ಜನವರಿ 9ರಂದು ಮೊದಲ ಕಂತು ಪ್ರಸಾರವಾಯಿತು. ಅತಿಥಿ ಬಂದವನು ಮನೆಯವನೇ ಆಗಿಬಿಟ್ಟ.

ಪೀಟ್, ಡಡ್ ಇಬ್ಬರಿಗೂ ಏನೂ ಗೊತ್ತಿಲ್ಲ. ಪೀಟ್‌ಗೆ ತನಗೆ ಗೊತ್ತಿಲ್ಲ ಅನ್ನುವುದೂ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಡಡ್ ಪಾಪ, ಅವನು ಹೇಳಿದ್ದನ್ನೆಲ್ಲಾ ನಂಬುತ್ತಾನೆ. ನಮ್ಮ ಮೀಟಿಂಗುಗಳಲ್ಲಿ ಬೋರ್ಡಿನ ಮೇಲೆ ನಾಲ್ಕು ಡಬ್ಬ ಬರೆದು ಬಾಣ ಎಳೆಯುವ ಹಿರಿಯರನ್ನೂ, ಅದನ್ನು ಭಕ್ತಿಯಿಂದ ನೋಟ್ಸು ಮಾಡಿಕೊಳ್ಳುವ ಫ್ರೆಶರನ್ನೂ ನೆನಪಿಸಿಕೊಳ್ಳಿ :) ಇದರಲ್ಲಿ ಇನ್ನೊಂದು ಮಜಾ ಇದೆ. ಆ ಬಡಾವಣೆಯ ಮಾತು, ನಡೆ, ಮಳೆಕೋಟು ಎಲ್ಲವೂ ಮೂರ್‌ಗೆ ಹುಟ್ಟಿನಿಂದ ಬಂದದ್ದು. ಕುಕ್‌ಗೆ ಅದು ಹೊರಗಿನಿಂದ ನೋಡಿ ಕಲಿತ ವೇಷ. ಆದರೂ ವೇದಿಕೆಯಲ್ಲಿ ಡ್ಯಾಗೆನ್‌ಹ್ಯಾಮಿನ ಹುಡುಗನಿಗೆ ಪಾಠ ಹೇಳುವವನು ಬೋರ್ಡಿಂಗ್ ಶಾಲೆಯ ಹುಡುಗನೇ! ನಗುವಿನ ಅಡಿಯಲ್ಲಿ ಇಂಗ್ಲೆಂಡಿನ ಮೇಲು-ಕೀಳಿನ ಲೆಕ್ಕವೆಲ್ಲಾ ಕೂತಿದೆ. ಕುಕ್ ಹದಿಹರೆಯದಲ್ಲೇ ಬರೆದಿದ್ದ ಇನ್ನೊಂದು ಪ್ರಹಸನದಲ್ಲಿ ಒಂಟಿಕಾಲಿನವನೊಬ್ಬ ಟಾರ್ಜನ್ ಪಾತ್ರ ಕೇಳಿಕೊಂಡು ಬರುತ್ತಾನೆ. ಆ ಪಾತ್ರ ಮಾಡಿ, ವರ್ಷಗಟ್ಟಲೆ ಒಂದೇ ಕಾಲಿನಲ್ಲಿ ಕುಪ್ಪಳಿಸಿದ್ದು ಮೂರ್. ಅವನ ಕಾಲಿನ ಕಥೆ ಗೊತ್ತಾದಮೇಲೆ ಅದನ್ನು ನೋಡಿದಾಗ ನಗು ಬರುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೂ ಆಗುತ್ತದೆ.

ಈಗ ಟೇಪಿನ ವಿಷಯಕ್ಕೆ ಬರೋಣ. ಇಲ್ಲಿ ನನ್ನೊಳಗಿನ ಇಂಜಿನಿಯರಿಗೆ ಸ್ವಲ್ಪ ಜಾಗ ಕೊಡಿ.

ಆಗಿನ ವಿಡಿಯೋ ಟೇಪು ಎರಡು ಇಂಚು ಅಗಲ. ಇಂದಿನ ಹಾಗೆ ಮೌಸಿನಿಂದ ಕತ್ತರಿಸಿ ಜೋಡಿಸುವ ಕಾಲವಲ್ಲ. ಎಡಿಟ್ ಮಾಡಬೇಕೆಂದರೆ ಟೇಪನ್ನೇ ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕು. ಅದು ನಾಜೂಕಿನ ಕೆಲಸ, ಕತ್ತರಿಸಿದ ಟೇಪಿಗೆ ಬೆಲೆಯೂ ಕಡಿಮೆ. ಹಾಗಾಗಿ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಆದಷ್ಟು ಒಂದೇ ಓಟದಲ್ಲಿ ಮುಗಿಸುತ್ತಿದ್ದರು. ಕುಕ್, ಮೂರ್ ಇಬ್ಬರೂ ಮೊದಲು ಟೇಪ್ ರೆಕಾರ್ಡರಿನ ಮುಂದೆ ಬಾಯಿಗೆ ಬಂದದ್ದು ಮಾತಾಡಿ, ಅದನ್ನು ಬರೆಸಿ ತಿದ್ದುತ್ತಿದ್ದರು. ಸ್ಟುಡಿಯೋದಲ್ಲಿ ಕುಕ್ ಅದನ್ನೂ ಬಿಟ್ಟು ಹೊಸದೇನನ್ನೋ ಸೇರಿಸುತ್ತಿದ್ದ. ಮೂರ್‌ನನ್ನು ನಗಿಸಿ ಬೀಳಿಸುವುದೇ ಅವನ ಆಟ. ಇನ್ನೊಮ್ಮೆ ಶೂಟ್ ಮಾಡಲು ಪುರಸೊತ್ತಿಲ್ಲ, ಕತ್ತರಿಸುವ ಹಾಗಿಲ್ಲ. ಆದ್ದರಿಂದಲೇ ಆ ನಿಜವಾದ ನಗು ಹಾಗೇ ಉಳಿಯಿತು.

ಅದೇ ಟೇಪಿಗೆ ಇನ್ನೊಂದು ಗುಣವೂ ಇತ್ತು. ಅದು ಬಹಳ ದುಬಾರಿ, ಜೊತೆಗೆ ಅಳಿಸಿ ಮತ್ತೆ ಬಳಸಬಹುದು. ಕಲಾವಿದರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಒಂದು ಕಾರ್ಯಕ್ರಮವನ್ನು ಇಷ್ಟು ಸಲಕ್ಕಿಂತ ಹೆಚ್ಚು ಮರುಪ್ರಸಾರ ಮಾಡುವ ಹಾಗಿರಲಿಲ್ಲ. ಮನೆಯಲ್ಲಿ ಕ್ಯಾಸೆಟ್ಟು ಹಾಕಿ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಬಿಬಿಸಿ-2ರಲ್ಲಿ 1967ರಲ್ಲಿ ಬಣ್ಣ ಬಂದಮೇಲೆ ಕಪ್ಪು ಬಿಳುಪು ಯಾರಿಗೆ ಬೇಕು? ಕಪಾಟಿನಲ್ಲಿ ಜಾಗ ಬೇರೆ ಇಲ್ಲ. ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯಾದ ಕಾರಣಗಳೇ. ಡಿಸ್ಕು ತುಂಬಿದೆ ಅಂತ ಅಲರ್ಟು ಬಂದಾಗ ನಾವು ಮಾಡುವುದೂ ಇದನ್ನೇ ಅಲ್ಲವೇ?

1970ರ ದಶಕದಲ್ಲಿ 'ನಾಟ್ ಓನ್ಲಿ... ಬಟ್ ಆಲ್ಸೋ'ದ ಟೇಪುಗಳನ್ನು ಬಿಬಿಸಿ ಅಳಿಸಿತು. ವಿಷಯ ತಿಳಿದ ಕುಕ್, ಬೇಕಿದ್ದರೆ ತಾವೇ ದುಡ್ಡು ಕೊಟ್ಟು ಹೊಸ ಟೇಪು ತರಿಸಿಕೊಡುತ್ತೇವೆ, ಹಳೆಯದನ್ನು ಉಳಿಸಿ ಅಂತ ಕೇಳಿಕೊಂಡ. ಒಪ್ಪಲಿಲ್ಲ. 1965, 1966, 1970 ಹೀಗೆ ಮೂರು ಸರಣಿಗಳು ಬಂದಿದ್ದವು. ಇಪ್ಪತ್ತಕ್ಕೂ ಹೆಚ್ಚು ಕಂತುಗಳಲ್ಲಿ ಪೂರ್ತಿಯಾಗಿ ಉಳಿದದ್ದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಹಲವು ಉಳಿದದ್ದು ಟೀವಿ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ನಕಲುಗಳಿಂದ. 1970ರ ಸರಣಿ ಬಣ್ಣದಲ್ಲಿ ಬಂದಿತ್ತು. ಸ್ಟುಡಿಯೋದಲ್ಲಿ ಮುದ್ರಿಸಿದ ಅದರ ಬಣ್ಣದ ಟೇಪುಗಳೆಲ್ಲಾ ಹೋದವು. ಉಳಿದ ಚೂರುಪಾರುಗಳನ್ನು ಸೇರಿಸಿ 1990ರಲ್ಲಿ ಆರು ಕಂತಾಗಿ ತೋರಿಸಿದರು. ಅದರ ಹೆಸರೇ 'ದ ಬೆಸ್ಟ್ ಆಫ್ ವಾಟ್ಸ್ ಲೆಫ್ಟ್', ಅಂದರೆ ಉಳಿದದ್ದರಲ್ಲಿ ಒಳ್ಳೆಯದು!

ಪುಸ್ತಕರೂಪದಲ್ಲಿ ಪ್ರಹಸನಗಳು ಇವೆಯಲ್ಲ, ಏನು ನಷ್ಟ ಅನ್ನಬಹುದು. ಅವುಗಳನ್ನು ಓದಿದರೆ ಜೋಕು ಸಿಗುತ್ತದೆ. ಸ್ಯಾಂಡ್‌ವಿಚ್ ಬಾಯಲ್ಲಿಟ್ಟುಕೊಂಡು ನಗು ತಡೆಯಲಾಗದೆ ಒದ್ದಾಡಿದ ಆ ಎರಡು ಸೆಕೆಂಡು ಯಾವ ಪುಟದಲ್ಲೂ ಇಲ್ಲ. ಅದು ಸ್ಕ್ರಿಪ್ಟಿನಲ್ಲಿ ಮೊದಲೂ ಇರಲಿಲ್ಲ.

ಜೋಡಿಯೂ ಉಳಿಯಲಿಲ್ಲ. 70ರ ದಶಕದ ಕೊನೆಗೆ ಇಬ್ಬರೂ ದೂರವಾದರು. ಯಾವಾಗಲೂ ತಲೆಯಾಡಿಸುವ ಪಾತ್ರ ಮಾಡುತ್ತಿದ್ದ ಮೂರ್ ಹಾಲಿವುಡ್ಡಿಗೆ ಹೋಗಿ, '10' (1979), 'ಆರ್ಥರ್' (1981) ಚಿತ್ರಗಳಿಂದ ದೊಡ್ಡ ತಾರೆಯಾದ, ಎರಡನೆಯದಕ್ಕೆ ಆಸ್ಕರ್ ನಾಮಕರಣವೂ ಸಿಕ್ಕಿತು. ಪಾಠ ಹೇಳುತ್ತಿದ್ದ ಕುಕ್ ಲಂಡನ್ನಿನಲ್ಲೇ ಉಳಿದ, ಕುಡಿತ ಜಾಸ್ತಿಯಾಯಿತು. 1995ರ ಜನವರಿ 9ರಂದು, 57ನೇ ವಯಸ್ಸಿಗೆ ತೀರಿಕೊಂಡ. ತಾರೀಕು ನೋಡಿದಿರಾ? ಮೊದಲ ಕಂತು ಪ್ರಸಾರವಾಗಿ ಅಂದಿಗೆ ಸರಿಯಾಗಿ ಮೂವತ್ತು ವರ್ಷ. ಮೂರ್‌ಗೆ ಆಮೇಲೆ ಮಿದುಳಿನ ಕಾಯಿಲೆಯೊಂದು ಬಂದು ಪಿಯಾನೊ ನುಡಿಸುವ ಬೆರಳುಗಳೇ ಕೈಕೊಟ್ಟವು. 2002ರ ಮಾರ್ಚ್ 27ರಂದು ಅವನೂ ಹೋದ.

ಇದರ ನಡುವಿನ ಒಂದು ಸಂಗತಿ ನನ್ನನ್ನು ಎರಡು ದಿನ ಬಿಡಲಿಲ್ಲ. ಕುಕ್ ಸತ್ತಮೇಲೆ ವಾರಗಟ್ಟಲೆ ಮೂರ್ ಅಮೆರಿಕದಿಂದ ಲಂಡನ್ನಿನ ಕುಕ್ ಮನೆಗೆ ಫೋನ್ ಮಾಡುತ್ತಿದ್ದನಂತೆ. ಆ ಕಡೆ ಆನ್ಸರಿಂಗ್ ಮೆಷಿನ್ನಿನಲ್ಲಿ ಕುಕ್‌ನ ದನಿ ಇತ್ತು. ಅದನ್ನು ಕೇಳುವುದಕ್ಕೆ.

ಬಿಬಿಸಿಯನ್ನು ಬೈದು ಮುಗಿಸಬಹುದಿತ್ತು. ಆದರೆ ನನಗೆ ಆ ಯೋಗ್ಯತೆ ಇಲ್ಲ. ನಮ್ಮ ಮನೆಯಲ್ಲೊಂದು ಕ್ಯಾಸೆಟ್ಟಿತ್ತು. ಅಜ್ಜ ಜಗಲಿಯಲ್ಲಿ ಕೂತು ಯಾವುದೋ ಹಳೇ ಕಥೆ ಹೇಳುವುದನ್ನು ಚಿಕ್ಕಪ್ಪ ಅದರಲ್ಲಿ ರೆಕಾರ್ಡ್ ಮಾಡಿದ್ದ. ಯಾರೂ ಅಳಿಸದಿರಲಿ ಅಂತ ಕ್ಯಾಸೆಟ್ಟಿನ ಮೂಲೆಯ ಪ್ಲಾಸ್ಟಿಕ್ ಚೂರುಗಳನ್ನು ಮುರಿದೂ ಇಟ್ಟಿದ್ದ. ನಾಲ್ಕನೇ ಕ್ಲಾಸಿನ ನಾನು ಆ ತೂತಿಗೆ ಸೆಲ್ಲೋಟೇಪು ಅಂಟಿಸಿ, ರೇಡಿಯೋದ ಸಿನಿಮಾ ಹಾಡು ತುಂಬಿಸಿದೆ. ಬುದ್ಧಿವಂತ ಹುಡುಗ ಅಂತ ಮನೆಯವರೆಲ್ಲಾ ಮೆಚ್ಚಿದ್ದರು. ಅದರಲ್ಲಿ ಏನಿತ್ತು ಅಂತ ಗೊತ್ತಾದದ್ದು ಅಜ್ಜ ಹೋದ ವರ್ಷ, ಚಿಕ್ಕಪ್ಪ ಬಂದು ಹುಡುಕಿದಾಗ. ಚಿಕ್ಕಪ್ಪ ಬೈಯಲಿಲ್ಲ. ಹಾಡು ಮುಗಿಯುವವರೆಗೂ ಕೂತು ಕೇಳಿದ, ಕೊನೆಯಲ್ಲಾದರೂ ಏನಾದರೂ ಉಳಿದಿರಬಹುದು ಅಂತ. ಉಳಿದಿತ್ತು, ಒಂದು ಹತ್ತು ಸೆಕೆಂಡು. ಕಥೆ ಮುಗಿದಿತ್ತು, ಅಜ್ಜ ನಗುತ್ತಿದ್ದರು.

ಕಥೆ ಯಾವುದು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಹತ್ತು ಸೆಕೆಂಡನ್ನು ಮೂರು ಕಡೆ ಕಾಪಿ ಮಾಡಿಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಕ್ಯಾಸೆಟ್ಟುಗಳ ಡಬ್ಬ ಇರಬಹುದು. ಈ ಭಾನುವಾರ ಒಮ್ಮೆ ಇಳಿಸಿ ನೋಡಿ. ಏನಾದರೂ ಸಿಕ್ಕಿದರೆ ನನಗೂ ಹೇಳಿ, ಆಯ್ತಾ?