ಭಂಗಾರ್ ಅಂದರೆ ಬಂಗಾರವಲ್ಲ

1994ರಲ್ಲಿ ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಮೊದಲ ವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಕೆಳಗಿನ ಓಣಿಯಿಂದ "ಭಂಗಾರ್... ಭಂಗಾರ್‌ವಾಲಾ..." ಎಂಬ ಕೂಗು ಕೇಳಿತು. ಕೈಗಾಡಿಯ ಮೇಲೆ ಬಂಗಾರ ಮಾರುವ ಊರಿಗೆ ಬಂದೆನಲ್ಲ ಎಂದು ಬೆರಗಾಗಿ ಬಾಲ್ಕನಿಗೆ ಓಡಿದೆ. ಗಾಡಿಯಲ್ಲಿದ್ದದ್ದು ತುಕ್ಕು ಹಿಡಿದ ಡಬ್ಬಿ, ಕಾಲು ಮುರಿದ ಕುರ್ಚಿ, ಖಾಲಿ ಬಾಟಲಿ. ನಮ್ಮತ್ತೆ ನಕ್ಕು ನಕ್ಕು ಸುಸ್ತಾಗಿ, "ಇವರ ಭಂಗಾರ್ ಅಂದ್ರ ನಮ್ಮ ಗುಜರಿ ಸಾಮಾನ ಐತವಾ" ಎಂದರು. ಮಹಾರಾಷ್ಟ್ರಕ್ಕೆ ಬಂದ ಕನ್ನಡಿಗರಲ್ಲಿ ಈ ಪೇಚಿಗೆ ಸಿಗದವರು ಕಡಿಮೆ ಇರಬೇಕು.

ಪುಣೆಯ ಇತಿಹಾಸ ಎಂದರೆ ಶನಿವಾರವಾಡೆ, ಪೇಶ್ವೆಯರು, ಫುಲೆ ದಂಪತಿಗಳ ಶಾಲೆ ಎಂದು ನಾವೆಲ್ಲ ಬರೆಯುತ್ತೇವೆ. ಈ ಸಲದ ಸಂಚಿಕೆಗೆ ನಾನು ಬರೆಯಹೊರಟದ್ದು ಈ ಭಂಗಾರ್‌ನ ಇತಿಹಾಸ. ನಮ್ಮ ಮನೆ ಬಾಗಿಲ ಹಿಂದಿನ ಎರಡು ಬಕೆಟ್‌ಗಳು ಅಲ್ಲಿಗೆ ಹೇಗೆ ಬಂದವು ಎಂಬ ಕತೆ.

ನಾನು ಬಂದ ಕಾಲದಲ್ಲಿ ಬೆಲೆ ಬಾಳುವ ವಸ್ತು ಯಾವುದೂ ಕಸಕ್ಕೆ ಹೋಗುತ್ತಿರಲಿಲ್ಲ. ಹಳೆಯ ಪೇಪರನ್ನು ರದ್ದಿಯವನು ತೂಗಿ ಕೊಳ್ಳುತ್ತಿದ್ದ. ಹಳೆಯ ಸೀರೆ, ಪ್ಯಾಂಟುಗಳನ್ನು ಬೋಹಾರೀಣ್ ಕೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದಳು. ನಮ್ಮ ಅಡುಗೆಮನೆಯಲ್ಲಿ ಅಂಥ ಎರಡು ಡಬ್ಬಿ ಇನ್ನೂ ಇವೆ. ಉಳಿದದ್ದೆಲ್ಲ, ಅನ್ನ, ಸಿಪ್ಪೆ, ಹಾಲಿನ ಪೊಟ್ಟಣ, ಒಡೆದ ಗಾಜು, ಒಂದೇ ಚೀಲದಲ್ಲಿ ಓಣಿಯ ಮೂಲೆಯ ಕಚರಾಕುಂಡಿಗೆ. ಅಲ್ಲಿಂದ ಪಾಲಿಕೆಯ ಲಾರಿ ಅದನ್ನು ಉರುಳಿ ದೇವಾಚಿ ಎಂಬ ಹಳ್ಳಿಯ ಬಳಿ ಸುರಿಯುತ್ತಿತ್ತು. ಕುಂಡಿಗೂ ಲಾರಿಗೂ ನಡುವೆ, ಹೆಗಲಿಗೆ ಗೋಣಿಚೀಲ ಹಾಕಿಕೊಂಡ ಹೆಂಗಸರು ಬಗ್ಗಿ ಕಸ ಕೆದಕುತ್ತಿದ್ದರು. ನಾನೂ ಎಲ್ಲರ ಹಾಗೆ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಿದ್ದೆ. ಅವರು ಯಾರೆಂದು ಕೇಳಿದವಳಲ್ಲ.

ಅವರಲ್ಲಿ ಬಹುತೇಕರು ದಲಿತ ಸಮುದಾಯದ ಮಹಿಳೆಯರು. 1972ರ ಭೀಕರ ಬರಗಾಲದಲ್ಲಿ ಹಳ್ಳಿ ಬಿಟ್ಟು ಪುಣೆ ಸೇರಿದ ಕುಟುಂಬಗಳು ಅನೇಕ. ಹೊಲವಿಲ್ಲ, ಅಕ್ಷರವಿಲ್ಲ, ಜಾತಿಯ ಕಾರಣಕ್ಕೆ ಮನೆಗೆಲಸವೂ ಸುಲಭಕ್ಕೆ ಸಿಗದು. ಯಾರ ಅಪ್ಪಣೆಯೂ ಬೇಡದ ಕೆಲಸವೆಂದರೆ ಕಸದಿಂದ ಕಾಗದ, ಗಾಜು, ತಗಡು ಆರಿಸಿ ಮಾರುವುದು. ಅದಕ್ಕೂ ಪೊಲೀಸರ ಸಂಶಯ, ನಾಯಿಗಳ ಕಾಟ, ಬೈಗುಳ.

ಬದಲಾವಣೆ ಶುರುವಾದದ್ದು ಒಂದು ಅಕ್ಷರ ಕಲಿಕೆಯ ತರಗತಿಯಿಂದ. 1990ರ ಸುಮಾರಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿದ್ದ ಪೂರ್ಣಿಮಾ ಚಿಕರ್ಮಾನೆ, ಲಕ್ಷ್ಮೀ ನಾರಾಯಣ್ ಮೊದಲಾದವರು ಈ ಹೆಂಗಸರ ಜೊತೆ ಕುಂಡಿಯಿಂದ ಕುಂಡಿಗೆ ಓಡಾಡಿದರು. ಹೊಳೆದದ್ದು ತೀರ ಸರಳ ಮಾತು: ಮನೆಯವರೇ ಹಸಿ ಕಸ, ಒಣ ಕಸ ಬೇರೆ ಮಾಡಿ ಕೈಗೆ ಕೊಟ್ಟರೆ ಇವರು ಕೊಳಕಿನಲ್ಲಿ ಕೈಯಾಡಿಸಬೇಕಿಲ್ಲ, ಮಾಲೂ ಸ್ವಚ್ಛ, ನಾಲ್ಕು ಕಾಸೂ ಹೆಚ್ಚು.

ಅಷ್ಟರಲ್ಲಿ ಕಸಕ್ಕೆ ಬೆಲೆಯಿದೆ ಎಂದು ಕಂಡ ಒಬ್ಬ ಉದ್ಯಮಿ ಗಾಡಿ ಇಟ್ಟು ಮನೆಮನೆಯ ಕಸ ಸಂಗ್ರಹಿಸಲು ಮುಂದಾದ. ಇವರ ಅನ್ನಕ್ಕೇ ಸಂಚಕಾರ ಬಂತು. ಹೆಂಗಸರು ಒಟ್ಟಾಗಿ ಪ್ರತಿಭಟಿಸಿದರು. ಒಂದು ಬಡಾವಣೆಯಲ್ಲಿ ಗೆದ್ದರೆ ಸಾಲದು, ಊರೆಲ್ಲ ಒಂದಾಗಬೇಕು ಎಂಬ ತಿಳಿವಳಿಕೆ ಆಗ ಮೂಡಿತು. ಹಮಾಲ್ ಪಂಚಾಯತ್ ಕಟ್ಟಿದ್ದ ಡಾ. ಬಾಬಾ ಆಢಾವ್ ಬೆನ್ನಿಗೆ ನಿಂತರು. 1993ರ ಮೇ ತಿಂಗಳಲ್ಲಿ ಪುಣೆಯಲ್ಲಿ ಕಸ ಆಯುವವರ ಸಮಾವೇಶ ನಡೆದು, 800ಕ್ಕೂ ಹೆಚ್ಚು ಜನ ಸೇರಿದರು. ಅಲ್ಲಿ ಹುಟ್ಟಿದ್ದು 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್'. ಕಾಗದ, ಗಾಜು, ತಗಡು ಆರಿಸಿ ಕಷ್ಟಪಟ್ಟು ದುಡಿಯುವವರ ಪಂಚಾಯತಿ. ಹೆಸರಿನಲ್ಲಿ ಕಸ ಎಂಬ ಮಾತೇ ಇಲ್ಲ ಎಂಬುದನ್ನು ಗಮನಿಸಿ.

ಸಂಘಟನೆಯ ಮೊದಲ ಬೇಡಿಕೆಗಳಲ್ಲಿ ಒಂದು ಗುರುತಿನ ಚೀಟಿ. ನಮಗದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಪೊಲೀಸರು ತಡೆದಾಗ 'ನಾನು ಕಳ್ಳಿಯಲ್ಲ, ಕೆಲಸಗಾರ್ತಿ' ಎಂದು ತೋರಿಸಲು ಬೇರೇನಿತ್ತು? 1995–96ರಲ್ಲಿ ಪುಣೆ ಮಹಾನಗರಪಾಲಿಕೆ ಈ ಚೀಟಿಗಳಿಗೆ ತನ್ನ ಮುದ್ರೆ ಒತ್ತಿತು. 2001ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ ನಡೆದ ಅಧ್ಯಯನವೊಂದು ಲೆಕ್ಕ ಹಾಕಿ, ಒಬ್ಬೊಬ್ಬ ಕಸ ಆಯುವಾಕೆಯೂ ತಿಂಗಳಿಗೆ 246 ರೂಪಾಯಿ ಬೆಲೆಯ ದುಡಿಮೆಯನ್ನು ನಗರಕ್ಕೆ ಪುಕ್ಕಟೆಯಾಗಿ ಕೊಡುತ್ತಿದ್ದಾಳೆ ಎಂದಿತು. ಭಿಕ್ಷೆ ಬೇಡುವವರಂತೆ ಕಂಡವರು ನಗರಕ್ಕೇ ದಾನ ಮಾಡುತ್ತಿದ್ದರು! ಮುಂದೆ ಪಾಲಿಕೆ ಅವರ ಆರೋಗ್ಯ ವಿಮೆಯ ಕಂತು ಕಟ್ಟಲು ಒಪ್ಪಿತು.

ಈ ನಡುವೆ 2000ದ ಕೇಂದ್ರ ನಿಯಮಗಳು ನಗರಗಳು ಮನೆಮನೆಯಿಂದ ಕಸ ಸಂಗ್ರಹಿಸಬೇಕೆಂದವು. ಕುಂಡಿಗಳು ಹೋದರೆ ಅದನ್ನೇ ನಂಬಿದವರ ಗತಿ? ಪಂಚಾಯತಿ ಹೇಳಿತು: ಆ ಕೆಲಸ ನಮಗೇ ಕೊಡಿ. ಪ್ರಾಯೋಗಿಕವಾಗಿ ನಡೆಸಿ ನೋಡಿದ ಮೇಲೆ 'ಸ್ವಚ್ಛ' ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. 2008ರಲ್ಲಿ ಪಾಲಿಕೆಯೊಂದಿಗೆ ಐದು ವರ್ಷದ ಒಪ್ಪಂದವಾಯಿತು. ಕಸ ಆಯುತ್ತಿದ್ದವರೇ ಅದರ ಸದಸ್ಯರು, ಒಡೆಯರು.

ನಮ್ಮ ಸೊಸೈಟಿಗೆ ಇಬ್ಬರು ಮಾವಶಿಯರು ಬರತೊಡಗಿದ್ದು ಅದರ ಮರುವರ್ಷ. ಪುಣೆಯಲ್ಲಿ ಅವರನ್ನು ಹಾಗೇ ಕರೆಯುತ್ತೇವೆ, ಚಿಕ್ಕಮ್ಮ ಎಂದ ಹಾಗೆ. ಬೆಳಿಗ್ಗೆ ಏಳಕ್ಕೆಲ್ಲ ತಳ್ಳುಗಾಡಿಯೊಂದಿಗೆ ಹಾಜರು. ಓಲಾ ಕಚರಾ, ಅಂದರೆ ಹಸಿ ಕಸ, ಒಂದು ಬಕೆಟ್‌ಗೆ. ಸುಕಾ ಕಚರಾ, ಒಣ ಕಸ, ಇನ್ನೊಂದಕ್ಕೆ. ಹಸಿ ಕಸ ಪಾಲಿಕೆಯ ವಾಹನ ಸೇರುತ್ತದೆ. ಒಣ ಕಸವನ್ನು ಕುಳಿತು ವಿಂಗಡಿಸುತ್ತಾರೆ: ಪೇಪರ್ ಬೇರೆ, ರಟ್ಟು ಬೇರೆ, ನೀರಿನ ಬಾಟಲಿ, ಗಟ್ಟಿ ಪ್ಲಾಸ್ಟಿಕ್, ಹಾಲಿನ ಪೊಟ್ಟಣ, ಗಾಜು, ಕಬ್ಬಿಣ ಎಲ್ಲ ಬೇರೆ ಬೇರೆ. ಅದು ಭಂಗಾರ್ ಅಂಗಡಿಗೆ, ಅಲ್ಲಿಂದ ದೊಡ್ಡ ಗೋದಾಮಿಗೆ, ಕೊನೆಗೆ ಕಾರ್ಖಾನೆಗೆ. ಕಾಗದ ಮತ್ತೆ ಕಾಗದವಾಗುತ್ತದೆ, ನೀರಿನ ಬಾಟಲಿ ನೂಲೂ ಆಗುತ್ತದೆ. ಚಿಪ್ಸ್ ಪೊಟ್ಟಣ ಕೊಳ್ಳುವವರು ಮಾತ್ರ ಸಿಗುವುದಿಲ್ಲ. ಪಾಲಿಕೆಯಿಂದ ಸಂಬಳವಿಲ್ಲ. ಮನೆಗಳು ಕೊಡುವ ತಿಂಗಳ ಶುಲ್ಕ ಮತ್ತು ಒಣ ಕಸ ಮಾರಿ ಬಂದ ಹಣ, ಇವೇ ಅವರ ಆದಾಯ. ಆದ್ದರಿಂದ ಎಣ್ಣೆ ಮೆತ್ತಿದ ಪೇಪರ್, ಸಾರು ಚೆಲ್ಲಿದ ರಟ್ಟು ಕೊಟ್ಟರೆ ನಾವು ಅವರ ಕೂಲಿಗೇ ಕೈ ಹಾಕಿದಂತೆ.

ಇದು ನನಗೆ ತಿಳಿದದ್ದು ಓದಿನಿಂದಲ್ಲ. ಒಂದು ದೀಪಾವಳಿಯ ಸ್ವಚ್ಛತೆಯಲ್ಲಿ ಒಡೆದ ಗಾಜಿನ ಲೋಟವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಣ ಕಸದಲ್ಲಿ ತುರುಕಿದ್ದೆ. ಮಾವಶಿ ಚೀಲ ಒತ್ತಿದ್ದೇ ತಡ, ಅಂಗೈ ಸೀಳಿತು. "ಅಯ್ಯೋ ಶಿವನ, ಎಷ್ಟ ರಕ್ತ!" ಎಂದು ನನ್ನ ಬಾಯಿಂದ ಬಂತು. ಆಕೆ ತಲೆಯೆತ್ತಿ ನೋಡಿ ಕನ್ನಡದಲ್ಲೇ ಕೇಳಿದಳು: "ನೀವು ನಮ್ಮ ಕಡೀಯವರೇನ್ರಿ?" ಅಕ್ಕಲಕೋಟೆ ಕಡೆಯ ಹಳ್ಳಿಯವಳು. ಎರಡು ವರ್ಷ ದಿನವೂ ನನ್ನ ಬಾಗಿಲಿಗೆ ಬಂದವಳು. ನಾನು ಬಕೆಟ್ ಇಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅರಿಸಿನ ಒತ್ತಿ ಬಟ್ಟೆ ಕಟ್ಟುತ್ತಾ, "ಗಾಜು ಅಂತ ಬರೆದರೆ ಇಡಬೇಕಿತ್ತು ನಾನು" ಎಂದೆ. "ಬರೆದಿದ್ರೂ ನನಗೆಲ್ಲಿ ಓದಾಕ ಬರ್ತೈತ್ರಿ ಅಕ್ಕಾರ? ಬ್ಯಾರೆ ಇಟ್ಟಿದ್ರ ಸಾಕಿತ್ತು" ಎಂದಳು. ದವಾಖಾನೆಗೆ ಕರೆದುಕೊಂಡು ಹೋದೆ, ಮೂರು ಹೊಲಿಗೆ ಬಿದ್ದವು. ಮರುದಿನ ಅದೇ ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಕೆಲಸಕ್ಕೆ ಬಂದಿದ್ದಳು.

ಅನಂತರ ಮಾತು ಬೆಳೆಯಿತು. ನಾವು ಹೆಂಗಸರು ಹೆಂಗಸರ ನಡುವೆಯೂ ಆಡದ ಮಾತನ್ನು ಆಕೆ ಒಂದು ದಿನ ಆಡಿದಳು. ಒಣ ಕಸದಲ್ಲಿ ಬರುವ ಸ್ಯಾನಿಟರಿ ಪ್ಯಾಡ್. ಸುತ್ತಿದ್ದರಲ್ಲಿ ಏನಿದೆ ಎಂದು ಬಿಚ್ಚದೆ ತಿಳಿಯುವುದಿಲ್ಲ. "ಅದನ್ನ ಮುಟ್ಟಿದ ಕೈಲೆ ರೊಟ್ಟಿ ಹೆಂಗ ತಿನ್ನೂದ್ರಿ?" 2013ರಲ್ಲಿ ಪುಣೆಯ ಈ ಮಹಿಳೆಯರು ಬಳಸಿದ ಪ್ಯಾಡ್‌ಗಳನ್ನು ಚೀಲದಲ್ಲಿ ತುಂಬಿ ತಯಾರಿಸುವ ಕಂಪನಿಗಳಿಗೇ ಕಳಿಸಿದ್ದರು. 2016ರ ಘನತ್ಯಾಜ್ಯ ನಿಯಮಗಳು ಪ್ಯಾಡ್ ಜೊತೆ ಸುತ್ತುವ ಹೊದಿಕೆಯನ್ನೂ ತಯಾರಕರು ಕೊಡಬೇಕೆಂದವು. ಕಸ ಆಯುವವರನ್ನು ವ್ಯವಸ್ಥೆಯಲ್ಲಿ ಸೇರಿಸಿಕೊಳ್ಳಬೇಕೆಂದೂ ಹೇಳಿದವು. ನಮ್ಮ ಪಾಲಿನದು ಇಷ್ಟೇ: ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು, ಬೇರೆಯಾಗಿ ಕೊಡುವುದು. ಓದು ಬಾರದವರಿಗೂ ಕೆಂಪು ಚುಕ್ಕೆ ತಿಳಿಯುತ್ತದೆ.

ಈ ಕತೆಗೆ ನಮ್ಮ ನಾಡಿನ ನಂಟೂ ಇದೆ. ಪುಣೆಯಲ್ಲಿ ಪಂಚಾಯತಿ ಕಟ್ಟಿದವರಲ್ಲಿ ಒಬ್ಬರಾದ ನಳಿನಿ ಶೇಖರ್, ಮುಂದೆ ಬೆಂಗಳೂರಿನಲ್ಲಿ 'ಹಸಿರು ದಳ'ದ ಸಹಸಂಸ್ಥಾಪಕಿಯಾದರು. ಅಲ್ಲಿಯೂ 2011ರಲ್ಲಿ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಪುಣೆಯ ಕುಂಡಿಗಳ ಬಳಿ ಕಲಿತ ಪಾಠ ಬೆಂಗಳೂರಿಗೂ ಉಪಯೋಗಕ್ಕೆ ಬಂತು.

ಎಲ್ಲವೂ ಸರಿಹೋಯಿತು ಎನ್ನಲಾರೆ. ಒಪ್ಪಂದ ಮುಗಿದಾಗಲೆಲ್ಲ ನಾಳೆ ಏನೋ ಎಂಬ ಆತಂಕ. 2020ರ ಕೊನೆಗೆ ಹಾಗಾದಾಗ ಅನೇಕ ನಾಗರಿಕರು ಇವರ ಪರ ದನಿಯೆತ್ತಿದರು. ಇಂದಿಗೂ ನಮ್ಮದೇ ಕಟ್ಟಡದಲ್ಲಿ ತಿಂಗಳ ಶುಲ್ಕಕ್ಕೆ ಮೂರು ಸಲ ಬಾಗಿಲು ತಟ್ಟಿಸುವ ಮನೆಗಳಿವೆ.

ನಮ್ಮ ಸಂಘದ ಹಬ್ಬದೂಟಗಳಲ್ಲಿ ಕಳೆದ ವರ್ಷದಿಂದ ಬಾಳೆ ಎಲೆಗೊಂದು, ಬಾಟಲಿಗಳಿಗೊಂದು ಎಂದು ಎರಡು ಡ್ರಮ್ ಇಡುತ್ತಿದ್ದೇವೆ. ಬಡಿಸುವ ನಮ್ಮ ಅಕ್ಕತಂಗಿಯರೇ ನಿಂತು ನೋಡಿಕೊಳ್ಳುತ್ತಾರೆ. ಮಾವಶಿಗೆ ಈಗ ವಯಸ್ಸಾಗಿದೆ; ಆಕೆಯ ಸೊಸೆ ಜೊತೆಗೆ ಬರುತ್ತಾಳೆ. ಅಂಗೈಯ ಗೆರೆಗಳ ನಡುವೆ ನಾನು ಮಾಡಿದ ಗಾಯದ ಗುರುತು ಹಾಗೇ ಇದೆ. ದಿನಾ ಬೆಳಿಗ್ಗೆ ಬಕೆಟ್ ಕೊಡುವಾಗ ಅದು ನನ್ನ ಕಣ್ಣಿಗೆ ಬೀಳುತ್ತದೆ. ಈಗ ನಾನು ಬಾಗಿಲು ಹಾಕಿಕೊಳ್ಳುವ ಮೊದಲು "ಆರಾಮ ಇದ್ದೀರೇನ್ರಿ?" ಎಂದು ಕೇಳುತ್ತೇನೆ. ಒಡೆದ ಗಾಜಿದ್ದರೆ ಬೇರೆ ಸುತ್ತಿ, ಕೈಗೆ ಕೊಟ್ಟು, ಬಾಯಿಬಿಟ್ಟು ಹೇಳುತ್ತೇನೆ.