ಒಂದೇ ಅಂಗಳಕ್ಕೆ ಬಂದ ವ್ಯಾಟಿಕನ್ ಮಾಧ್ಯಮಗಳು

ವ್ಯಾಟಿಕನ್ನಿನ ಸುದ್ದಿಮಾಧ್ಯಮಗಳು ಒಂದೇ ಜಾಲತಾಣದಲ್ಲಿ ಸಿಗತೊಡಗಿದ್ದು 2011ರಲ್ಲಿ. ಅವುಗಳ ಆಡಳಿತವನ್ನು ಒಂದುಗೂಡಿಸುವ ಕೆಲಸ ಆರಂಭವಾದದ್ದು 2015ರಲ್ಲಿ. ಪತ್ರಿಕೆ, ರೇಡಿಯೊ, ಟೆಲಿವಿಷನ್ ಎಲ್ಲವೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಕ್ಕೆ ಹುಟ್ಟಿಕೊಂಡು ತಮ್ಮದೇ ಕಚೇರಿ, ಸಿಬ್ಬಂದಿ, ಲೆಕ್ಕಪತ್ರಗಳನ್ನು ಬೆಳೆಸಿಕೊಂಡಿದ್ದವು. ಹಾಗಾಗಿ ಅವನ್ನು ಜೋಡಿಸುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಆಡಳಿತದ ಕೆಲಸವಾಯಿತು.

ಇವುಗಳಲ್ಲಿ ಹಳೆಯದು ಮುದ್ರಣಾಲಯ. ಪೋಪ್ ಐದನೆಯ ಸಿಕ್ಸ್ಟಸ್ 1587ರಲ್ಲಿ ಅದನ್ನು ಸ್ಥಾಪಿಸಿದರು. ದಿನಪತ್ರಿಕೆ ‘ಲೊಸ್ಸೆರ್ವತೋರೆ ರೊಮಾನೊ’ದ ಮೊದಲ ಸಂಚಿಕೆ 1861ರ ಜುಲೈ 1ರಂದು ಹೊರಬಂತು. ಅದೇ ವರ್ಷ ಇಟಲಿ ಏಕೀಕೃತ ರಾಜ್ಯವೆಂದು ಘೋಷಿತವಾಗಿತ್ತು, ಪೋಪರ ಆಳ್ವಿಕೆಯ ಪ್ರದೇಶಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಅವರ ಪರವಾಗಿ ವಾದ ಮಂಡಿಸಲು ಒಂದು ಪತ್ರಿಕೆ ಬೇಕಾಗಿತ್ತು. 1926ರಲ್ಲಿ ಪ್ರಕಾಶನ ವಿಭಾಗವು ಮುದ್ರಣಾಲಯದಿಂದ ಬೇರ್ಪಟ್ಟಿತು. ಮರುವರ್ಷ ಮಿಷನ್ ಪ್ರದೇಶಗಳ ಸುದ್ದಿ ಒದಗಿಸಲು ‘ಫೀಡೆಸ್’ ಸುದ್ದಿಸಂಸ್ಥೆ ಆರಂಭವಾಯಿತು.

ರೇಡಿಯೊ ಬಂದದ್ದು ಹೊಸ ರಾಜ್ಯದ ಜೊತೆಗೆ. 1929ರ ಲ್ಯಾಟರನ್ ಒಪ್ಪಂದದಿಂದ ವ್ಯಾಟಿಕನ್ ನಗರ ಸ್ವತಂತ್ರ ರಾಜ್ಯವಾಯಿತು. ಇಟಲಿಯ ತಂತಿಗಳನ್ನು ನೆಚ್ಚಿಕೊಳ್ಳದೆ ಹೊರಜಗತ್ತಿನೊಡನೆ ಮಾತಾಡುವ ಮಾರ್ಗವನ್ನು ಪೋಪ್ ಹನ್ನೊಂದನೆಯ ಪಯಸ್ ಬಯಸಿದರು. ನಿಲಯವನ್ನು ನಿರ್ಮಿಸಿಕೊಟ್ಟವರು ರೇಡಿಯೊ ವಿಜ್ಞಾನಿ ಗುಲಿಯೆಲ್ಮೊ ಮಾರ್ಕೋನಿ. 1931ರ ಫೆಬ್ರವರಿ 12ರಂದು ಮಾರ್ಕೋನಿ ಮೈಕ್ರೊಫೋನಿನ ಮುಂದೆ ನಿಂತು ಪೋಪರನ್ನು ಪರಿಚಯಿಸಿದರು. ಪೋಪ್ ಲ್ಯಾಟಿನ್ನಿನಲ್ಲಿ ಸಂದೇಶ ಓದಿದರು. ನಿಲಯದ ಹೊಣೆ ಯೇಸುಸಭೆಯ ಗುರುಗಳಿಗೆ ಬಂತು. ಮೊದಲ ನಿರ್ದೇಶಕ ಜುಸೆಪ್ಪೆ ಜಾನ್‌ಫ್ರಾಂಚೆಸ್ಕಿ ಸ್ವತಃ ಭೌತವಿಜ್ಞಾನಿ.

ಈ ನಿಲಯದ ಬೆಲೆ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಸೆರೆಸಿಕ್ಕ ಸೈನಿಕರು ಮತ್ತು ಕಾಣೆಯಾದವರ ವಿಚಾರಣೆಗೆಂದು ವ್ಯಾಟಿಕನ್ ಒಂದು ಮಾಹಿತಿ ಕಚೇರಿ ತೆರೆಯಿತು. ಅಲ್ಲಿ ಸಿದ್ಧವಾದ ಹೆಸರುಗಳ ಪಟ್ಟಿಯನ್ನೂ ಚಿಕ್ಕ ಒಕ್ಕಣೆಗಳನ್ನೂ ಉದ್ಘೋಷಕರು ಗಂಟೆಗಟ್ಟಲೆ ಓದುತ್ತಿದ್ದರು. 1940ರಿಂದ 1946ರವರೆಗೆ ಹೀಗೆ ಪ್ರಸಾರವಾದ ಸಂದೇಶಗಳು 12 ಲಕ್ಷಕ್ಕೂ ಹೆಚ್ಚು. 1957ರಲ್ಲಿ ರೋಮಿನ ಹೊರವಲಯದ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ದೊಡ್ಡ ಪ್ರಸಾರ ಕೇಂದ್ರ ತಲೆಯೆತ್ತಿತು. 1960ರ ದಶಕದಲ್ಲಿ ಹಿಂದಿ, ತಮಿಳು, ಮಲಯಾಳಂ ಕಾರ್ಯಕ್ರಮಗಳು ಸೇರಿದವು.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಮೂಹ ಮಾಧ್ಯಮಗಳ ಕುರಿತೇ ಒಂದು ಆದೇಶವನ್ನು ಅಂಗೀಕರಿಸಿತು. ಅದರ ಬೆನ್ನಿಗೇ ಮಾಧ್ಯಮಗಳಿಗಾಗಿ ಒಂದು ಆಯೋಗ, ಪತ್ರಕರ್ತರಿಗಾಗಿ ವಾರ್ತಾ ಕಚೇರಿ ಬಂದವು. 1983ರಲ್ಲಿ ಎರಡನೆಯ ಜಾನ್ ಪಾಲ್ ಟೆಲಿವಿಷನ್ ಕೇಂದ್ರ ಸ್ಥಾಪಿಸಿದರು. ಪ್ರತಿ ಹೊಸ ಮಾಧ್ಯಮಕ್ಕೂ ಒಂದು ಹೊಸ ಸಂಸ್ಥೆ ಹುಟ್ಟಿತೇ ಹೊರತು ಇದ್ದುದನ್ನು ವಿಸ್ತರಿಸಲಿಲ್ಲ. ಪರಿಣಾಮವಾಗಿ ಪೋಪರ ಒಂದೇ ಭಾಷಣವನ್ನು ಪತ್ರಿಕೆ, ರೇಡಿಯೊ, ಟೆಲಿವಿಷನ್ ಮತ್ತು ವಾರ್ತಾ ಕಚೇರಿಗಳು ತಮ್ಮ ತಮ್ಮ ಮಟ್ಟಿಗೆ ಪ್ರತ್ಯೇಕವಾಗಿ ಸಿದ್ಧಪಡಿಸುತ್ತಿದ್ದವು.

ಅಂತರಜಾಲವೂ ಆರಂಭದಲ್ಲಿ ಇದೇ ದಾರಿ ಹಿಡಿಯಿತು. 1995ರ ಕ್ರಿಸ್ಮಸ್ ದಿನ ಪೋಪರ ಹಬ್ಬದ ಸಂದೇಶದೊಂದಿಗೆ ವ್ಯಾಟಿಕನ್ನಿನ ಮೊದಲ ಜಾಲಪುಟ ತೆರೆದುಕೊಂಡಿತು. 1997ರಲ್ಲಿ ಅದು ಪೂರ್ಣ ಜಾಲತಾಣವಾಯಿತು. ತಾಂತ್ರಿಕ ಕೆಲಸದ ಮುಂದಾಳು ಅಮೆರಿಕದ ಫ್ರಾನ್ಸಿಸ್ಕನ್ ಸನ್ಯಾಸಿನಿ ಸಿಸ್ಟರ್ ಜುಡಿತ್ ಝೋಬೆಲೈನ್. ಮೂರು ಸರ್ವರ್‌ಗಳಿಗೆ ರಫಾಯೆಲ್, ಮೈಕೆಲ್, ಗೇಬ್ರಿಯಲ್ ಎಂದು ಪ್ರಧಾನ ದೇವದೂತರ ಹೆಸರಿಟ್ಟರು. ಆದರೆ ಈ ತಾಣ ಮುಖ್ಯವಾಗಿ ದಾಖಲೆಗಳ ಭಂಡಾರ: ಪೋಪರ ವಿಶ್ವಪತ್ರಗಳು, ಪ್ರವಚನಗಳು, ಮಹಾಸಭೆಯ ನಿರ್ಣಯಗಳು. ದಿನದ ಸುದ್ದಿ ಬೇಕಾದವರು ಪತ್ರಿಕೆಯ ತಾಣ, ರೇಡಿಯೊ ತಾಣ, ಫೀಡೆಸ್ ತಾಣ ಎಂದು ಅಲೆಯಬೇಕಿತ್ತು.

ಈ ಅಲೆದಾಟ ತಪ್ಪಿಸಲು ಮಹಾಧರ್ಮಾಧ್ಯಕ್ಷ ಕ್ಲಾವುದಿಯೊ ಚೆಲ್ಲಿ ಅವರ ನೇತೃತ್ವದ ಸಂಪರ್ಕ ಮಂಡಳಿಯು ‘ನ್ಯೂಸ್ ಡಾಟ್ ವಿಎ’ ತಾಣವನ್ನು ರೂಪಿಸಿತು. ಹದಿನಾರನೆಯ ಬೆನೆಡಿಕ್ಟ್ ಗುರುದೀಕ್ಷೆ ಪಡೆದು 2011ರ ಜೂನ್ 29ಕ್ಕೆ 60 ವರ್ಷ ತುಂಬುತ್ತಿತ್ತು. ಅದರ ಹಿಂದಿನ ದಿನ ಅವರು ಐಪ್ಯಾಡಿನ ಪರದೆ ಮುಟ್ಟಿ ತಾಣವನ್ನು ಉದ್ಘಾಟಿಸಿದರು. ಆ ವಿಷಯವನ್ನು ಟ್ವಿಟರಿನಲ್ಲೂ ತಿಳಿಸಿದರು. ಪತ್ರಿಕೆ, ರೇಡಿಯೊ, ಟೆಲಿವಿಷನ್, ವಾರ್ತಾ ಕಚೇರಿ ಮತ್ತು ಫೀಡೆಸ್‌ನ ಆಯ್ದ ಸುದ್ದಿಗಳು ಈ ಒಂದು ಪುಟಕ್ಕೆ ಬಂದು ಸೇರುತ್ತಿದ್ದವು. ಓದುಗನ ಮಟ್ಟಿಗೆ ಇದು ದೊಡ್ಡ ಅನುಕೂಲ. ಒಳಗಿನ ವ್ಯವಸ್ಥೆ ಮಾತ್ರ ಹಾಗೆಯೇ ಉಳಿಯಿತು. ಸುದ್ದಿ ತಯಾರಾಗುತ್ತಿದ್ದುದು ಹಳೆಯ ಕಚೇರಿಗಳಲ್ಲೇ. ಹೊಸ ತಾಣ ಅವನ್ನು ಒಟ್ಟಿಗೆ ತೋರಿಸುತ್ತಿತ್ತು, ಅಷ್ಟೆ.

ಮುಂದಿನ ಹೆಜ್ಜೆ ಪೋಪ್ ಫ್ರಾನ್ಸಿಸ್ ಅವರದು. ಬಿಬಿಸಿ ಟ್ರಸ್ಟಿನ ಅಧ್ಯಕ್ಷರಾಗಿದ್ದ ಕ್ರಿಸ್ ಪ್ಯಾಟನ್ ಅವರ ನೇತೃತ್ವದಲ್ಲಿ 2014ರಲ್ಲಿ ಮಾಧ್ಯಮಗಳ ಸುಧಾರಣೆಗೆ ಸಲಹೆ ನೀಡಲು ಒಂದು ಸಮಿತಿ ನೇಮಕವಾಯಿತು. 2015ರ ಜೂನ್ 27ರಂದು ಪೋಪ್ ಸಂಪರ್ಕ ಸಚಿವಾಲಯವನ್ನು ಸ್ಥಾಪಿಸಿ ದಾರಿಯೊ ವಿಗನೊ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿದರು. ಸಂಪರ್ಕ ಮಂಡಳಿ, ವಾರ್ತಾ ಕಚೇರಿ, ಅಂತರಜಾಲ ಸೇವೆ, ರೇಡಿಯೊ, ಟೆಲಿವಿಷನ್, ದಿನಪತ್ರಿಕೆ, ಮುದ್ರಣಾಲಯ, ಛಾಯಾಚಿತ್ರ ಸೇವೆ, ಪ್ರಕಾಶನ ಎಂಬ ಒಂಬತ್ತು ಸಂಸ್ಥೆಗಳನ್ನು ಹಂತಹಂತವಾಗಿ ಅದರಡಿ ತರುವುದೆಂದಾಯಿತು. ಫೀಡೆಸ್ ಈ ಪಟ್ಟಿಗೆ ಸೇರಲಿಲ್ಲ; ಅದು ಮಿಷನ್ ಸಂಘಗಳ ಅಂಗವಾಗಿಯೇ ಮುಂದುವರಿಯಿತು.

2017ರ ಡಿಸೆಂಬರಿನಲ್ಲಿ ‘ವ್ಯಾಟಿಕನ್ ನ್ಯೂಸ್’ ತಾಣ ಪ್ರಾಯೋಗಿಕವಾಗಿ ಆರಂಭವಾಯಿತು. ‘ನ್ಯೂಸ್ ಡಾಟ್ ವಿಎ’ಗೂ ಇದಕ್ಕೂ ಇದ್ದ ವ್ಯತ್ಯಾಸ ಕೆಲಸದ ರೀತಿಯಲ್ಲಿ. ರೇಡಿಯೊದ ಭಾಷಾ ವಿಭಾಗಗಳಲ್ಲಿದ್ದ ಪತ್ರಕರ್ತರು ಈಗ ಧ್ವನಿಯ ಜೊತೆಗೆ ಬರಹ, ಚಿತ್ರ, ವಿಡಿಯೊಗಳನ್ನೂ ನೋಡಿಕೊಳ್ಳಬೇಕಾಯಿತು. 2018ರ ಮಾರ್ಚಿನಲ್ಲಿ ವಿಗನೊ ರಾಜೀನಾಮೆ ಕೊಟ್ಟರು. ಜುಲೈನಲ್ಲಿ ಆ ಸ್ಥಾನಕ್ಕೆ ಬಂದ ಪಾವೊಲೊ ರುಫ್ಫಿನಿ ವ್ಯಾಟಿಕನ್ನಿನ ಇಂಥ ಇಲಾಖೆಯೊಂದರ ಮುಖ್ಯಸ್ಥರಾದ ಮೊದಲ ಗೃಹಸ್ಥ. ಪತ್ರಿಕೆಯ ಹಳೆಯ ಹೆಸರು ಹಾಗೆಯೇ ಉಳಿಯಿತು, ದಾಖಲೆಗಳ ತಾಣವೂ ಪ್ರತ್ಯೇಕವಾಗಿಯೇ ಮುಂದುವರಿಯಿತು.

ಕನ್ನಡ ಇಲ್ಲಿಗೆ ಬಂದದ್ದು 2024ರ ಮೇ ತಿಂಗಳಲ್ಲಿ. ಬೆಂಗಳೂರು ಮಹಾಧರ್ಮಪ್ರಾಂತ್ಯದ ಸಹಯೋಗದಲ್ಲಿ ಅದು ವ್ಯಾಟಿಕನ್ ನ್ಯೂಸ್‌ನ 53ನೆಯ ಭಾಷೆಯಾಯಿತು. ಕಿರುತರಂಗದ ಕಾಲದಲ್ಲಿ ಹೊಸ ಭಾಷೆಯೊಂದನ್ನು ಸೇರಿಸಲು ಪ್ರಸಾರದ ವೇಳೆ, ತರಂಗಾಂತರ, ಸ್ಟುಡಿಯೊ ಎಲ್ಲವನ್ನೂ ಹೊಂದಿಸಬೇಕಿತ್ತು. ಒಂದೇ ತಾಣವೂ ಒಂದೇ ಆಡಳಿತವೂ ಇರುವಾಗ ಆ ಹೊರೆ ಬಹುಪಾಲು ಇಳಿಯುತ್ತದೆ. ಉಳಿಯುವುದು ಅನುವಾದದ ಕೆಲಸ, ಅದಕ್ಕೆ ಸ್ಥಳೀಯ ಧರ್ಮಸಭೆ ಕೈಜೋಡಿಸಬಹುದು. ತಮಿಳು, ಮಲಯಾಳಂಗಳು ರೇಡಿಯೊ ಮೂಲಕ ಬಂದು ಅರ್ಧ ಶತಮಾನ ಕಳೆದ ಮೇಲೆ ಕನ್ನಡಕ್ಕೆ ದೊರೆತ ಜಾಗ ಈ ಜೋಡಣೆಯ ಫಲಗಳಲ್ಲೊಂದು.