ಹದಿನೈದು ನಿಮಿಷದ ಉದ್ರಿ

ನಮ್ಮ ಓಣಿ ಕಿರಾಣಿ ಅಂಗಡಿಗೆ ಸಣ್ಣ ಹುಡುಗ ಒಬ್ಬನ ಹೋಗಿ, "ಐನೂರು ರೂಪಾಯಿ ಚಾಕಲೇಟ್ ಕೊಡ್ರಿ, ಉದ್ರಿ ಬರಕೋರಿ" ಅಂದ್ರ ಅಂಗಡಿಯಾಂವ ಏನಂತಾನ? "ಅವ್ವನ್ನ ಕೇಳ್ಕೊಂಡು ಬಾ ಹೋಗಪಾ" ಅಂತಾನ. ಅಷ್ಟ. ಈ ಒಂದು ಮಾತನ್ನ ಟ್ಯಾಬ್ಲೆಟ್ ಒಳಗಿನ ಅಂಗಡಿಗೆ ಕಲಿಸ್ಲಿಕ್ಕೆ ಅಮೆರಿಕಾದಾಗ ವರ್ಷಗಟ್ಟಲೆ ಹಿಡೀತು, ಕೋರ್ಟಿನ ಮೆಟ್ಟಿಲೂ ಹತ್ತಬೇಕಾತು. ಹುಡುಗ್ರು ಆಟದಾಗ ರೊಕ್ಕ ಕಳದ್ರ ಮನ್ಯಾಗ ಮೊದಲು ಬೈಸಿಕೊಳ್ಳಾಕಿ ತಾಯಿ. "ನೀನ ಅಲ್ಲೇನು ಅದನ್ನ ಕೈಯಾಗ ಕೊಟ್ಟಾಕಿ?" ಅಂತ ಎಲ್ಲಾರೂ ಕೇಳ್ತಾರ. ಅದಕ್ಕ ವೈನಿಗೋಳ, ಮೌಶಿಗೋಳ, ಈ ಕತಿ ನಿಮಗ ಗೊತ್ತಿರ್ಲಿ ಅಂತ ಬರೀಲಿಕ್ಕತ್ತೀನಿ.

ಆಪಲ್ ಕಂಪನಿ ತನ್ನ ಆಪ್ ಸ್ಟೋರ್ ತೆರೆದದ್ದು 2008ರ ಜುಲೈದಾಗ. ಆಗ ಲೆಕ್ಕ ಸರಳ ಇತ್ತು: ರೊಕ್ಕ ಕೊಟ್ಟು ಆಟ ತಗೋ, ಇಲ್ಲಾ ಪುಕ್ಕಟೆದ್ದು ತಗೋ. 2009ರಾಗ ಆಟದ ಒಳಗೂ ಸಾಮಾನು ಮಾರಬಹುದು ಅಂತ ಆತು. ಆ ವರ್ಷದ ಅಕ್ಟೋಬರದಿಂದ ಪುಕ್ಕಟೆ ಆಟದೊಳಗೂ. 'ಪುಕ್ಕಟೆ' ಅನ್ನೂ ಶಬ್ದ ಕೆಟ್ಟದ್ದು ಅಲ್ಲಿಂದ, ಅಂತ ನನ್ನ ಅಭಿಪ್ರಾಯ. ಮರುವರ್ಷ ಐಪ್ಯಾಡ್ ಬಂತು, ಸ್ಮರ್ಫ್ಸ್ ವಿಲೇಜ್ ಅನ್ನೂ ಆಟಾನೂ ಬಂತು. ನೀಲಿ ಬಣ್ಣದ ಕುಳ್ಳರ ಊರು, ಹೊಲ ಬಿತ್ತೂದು, ಮನಿ ಕಟ್ಟೂದು, ನೋಡ್ಲಿಕ್ಕೆ ಭಾಳ ಛಂದ. ಕೆಲಸ ಲಗೂ ಆಗಬೇಕಂದ್ರ 'ಸ್ಮರ್ಫ್‌ಬೆರಿ' ಹಣ್ಣು ಬೇಕು, ಅದಕ್ಕ ಮಾತ್ರ ಖರೇ ರೊಕ್ಕ. 2011ರ ಫೆಬ್ರವರಿದಾಗ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದು ಸುದ್ದಿ ಹಾಕ್ತು: ಮೇರಿಲ್ಯಾಂಡ್‌ನ 8 ವರ್ಷದ ಹುಡುಗಿ ಈ ಆಟದಾಗ 1,400 ಡಾಲರ್ ಖರ್ಚು ಮಾಡಿದ್ಳು.

ಆಕಿ ಕಳುವು ಮಾಡಿದ್ದಲ್ಲ. ಆಗಿನ ವ್ಯವಸ್ಥಾ ಹೆಂಗಿತ್ತಂದ್ರ, ದೊಡ್ಡವರು ಆಟ ಇಳಿಸ್ಕೊಳ್ಳಿಕ್ಕೆ ಒಮ್ಮೆ ಪಾಸ್‌ವರ್ಡ್ ಹಾಕಿದ್ರ ಮುಂದ 15 ನಿಮಿಷ ಅಂಗಡಿ ಏನೂ ಕೇಳ್ತಿರಲಿಲ್ಲ. ಉದ್ರಿ ಪುಸ್ತಕನ ಕೂಸಿನ ಕೈಯಾಗ ಕೊಟ್ಟು ಅಂಗಡಿಯಾಂವ ಒಳಗ ಚಾ ಕುಡೀಲಿಕ್ಕೆ ಹೋದಂಗ! ಗದ್ದಲ ಆದಮ್ಯಾಲ, 2011ರ ಮಾರ್ಚದಾಗ, ಆಟದೊಳಗಿನ ಖರೀದಿಗೆ ಬ್ಯಾರೆ ಪಾಸ್‌ವರ್ಡ್ ಕೇಳೂ ಹಂಗ ಮಾಡಿದ್ರು. ಆದ್ರ ಅದನ್ನ ಹಾಕಿದ ಕೂಡ್ಲೇ ಮತ್ತ 15 ನಿಮಿಷ ಬಾಗಿಲು ತೆರೆದ ಇರ್ತಿತ್ತು. ಪಾಸ್‌ವರ್ಡ್ ಕೇಳೂ ಡಬ್ಬಿಯೊಳಗ 'ಇದು ರೊಕ್ಕಕ್ಕ' ಅಂತ ಬರೆದಿರಲಿಲ್ಲ. ತಾಯಿ ಏನೋ ಕೇಳ್ತದ ಅಂತ ಹಾಕಿ ಅಡಿಗಿಮನಿಗೆ ಹೋಗಬೇಕು, ಕೂಸು ಆಡ್ತಾ ಕೂಡಬೇಕು.

ಇದನ್ನ ಹಿಡದು ಕೇಳಿದ್ದು ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್, ಗ್ರಾಹಕರ ಪರ ನೋಡ್ಕೊಳ್ಳೂ ಸರ್ಕಾರಿ ಸಂಸ್ಥೆ. ಅಲ್ಲಿಗೆ ಬಂದ ದೂರಿನೊಳಗ ಒಬ್ಬ ತಾಯಿದು ಇತ್ತು: ಮಗಳು 'ಟ್ಯಾಪ್ ಪೆಟ್ ಹೋಟೆಲ್' ಆಟದಾಗ 2,600 ಡಾಲರ್ ಕಳದಿದ್ಳು. 2014ರ ಜನವರಿದಾಗ ಆಪಲ್ ಕಮ್ಮೀತ ಕಮ್ಮಿ 3.25 ಕೋಟಿ ಡಾಲರ್ ತಿರುಗಿ ಕೊಡ್ಲಿಕ್ಕೆ ಒಪ್ಪಿಕೊಳ್ತು, ಅದ ವರ್ಷ ಸೆಪ್ಟೆಂಬರದಾಗ ಗೂಗಲ್ 1.9 ಕೋಟಿ. ಗೂಗಲ್‌ನಾಗ ಮೊದಮೊದಲು ಪಾಸ್‌ವರ್ಡ್ ಕೇಳ್ತಿರಲಿಲ್ಲ. ಆಮ್ಯಾಲ ಕೇಳಿದ್ರೂ ಬಾಗಿಲು 30 ನಿಮಿಷ ತೆರೆದಿರ್ತಿತ್ತು.

ಅಮೆಜಾನ್ ಮಾತ್ರ ಒಪ್ಪಲಿಲ್ಲ, ಕೋರ್ಟಿಗೆ ಹೋತು. 2011ರ ನವೆಂಬರದಾಗ ಅವರು ಶುರು ಮಾಡಿದಾಗ ಪಾಸ್‌ವರ್ಡ್ ಅನ್ನೂದ ಇರಲಿಲ್ಲ. ಮುಂದಿನ ಮಾರ್ಚದಾಗ ಹಾಕಿದ್ರು, ಅದೂ 20 ಡಾಲರ್ ದಾಟಿದ್ರ ಮಾತ್ರ. ಆ ಖಟ್ಲೆದೊಳಗ ಬಂದ 'ಐಸ್ ಏಜ್ ವಿಲೇಜ್' ಆಟದ ವಿವರ ಓದಿ ನನಗ ಸಿಟ್ಟ ಬಂತು. ಆಟದೊಳಗ ಗಳಿಸಿದ ನಾಣ್ಯ, ಓಕ್ ಮರದ ಕಾಯಿ ಕೊಟ್ಟು ಸಾಮಾನು ತಗೊಳ್ಳೂದು ಒಂದು ಪರದೆ. ಖರೇ ರೊಕ್ಕ ಕೊಟ್ಟು ಅದ ನಾಣ್ಯ, ಅದ ಕಾಯಿ ತಗೊಳ್ಳೂದು ಇನ್ನೊಂದು ಪರದೆ. ಎರಡೂ ನೋಡ್ಲಿಕ್ಕೆ ಹೆಚ್ಚೂಕಮ್ಮಿ ಒಂದ ಥರ, ಎರಡನೇದ್ರಾಗ ದೊಡ್ಡ ಗಂಟಿನ ಬೆಲೆ 99.99 ಡಾಲರ್. ಓದ್ಲಿಕ್ಕೆ ಬರದ ಕೂಸಿಗೆ ಎರಡರ ನಡುವಿನ ಫರಕ ಹೆಂಗ ತಿಳೀಬೇಕು? 2016ರ ಏಪ್ರಿಲ್‌ದಾಗ ನ್ಯಾಯಾಲಯ ಅಮೆಜಾನ್‌ದ ತಪ್ಪು ಅಂತು. ಮರುವರ್ಷ ತಿರುಗಿ ಕೊಡಬೇಕಾದ ಮೊತ್ತ 7 ಕೋಟಿ ಡಾಲರ್ ದಾಟಿತ್ತು.

ಈ ನಡುವ ಇನ್ನೊಂದು ಆತು. 2014ರ ನವೆಂಬರದಾಗ ಆಪಲ್ ಅಂಗಡಿಯ ಗುಂಡಿ ಮ್ಯಾಲಿದ್ದ 'ಫ್ರೀ' ಅನ್ನೂ ಶಬ್ದ ತೆಗೆದು 'ಗೆಟ್' ಅಂತ ಬರೆದ್ರು. ಯುರೋಪಿನವರು ಅದನ್ನ ಮೊದಲ ಕೇಳಿದ್ರು: ಒಳಗ ರೊಕ್ಕ ಕೇಳೂ ಆಟಕ್ಕ ಪುಕ್ಕಟೆ ಅಂತ ಹೆಂಗ ಅಂತೀರಿ ಅಂತ. ಹಂಗಂತ ಕತಿ ಮುಗೀಲಿಲ್ಲ. 2022ರ ಡಿಸೆಂಬರದಾಗ ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ ಇಂಥಾವ ದೂರಿಗೆ 24.5 ಕೋಟಿ ಡಾಲರ್ ಕೊಡ್ಲಿಕ್ಕೆ ಒಪ್ಪಬೇಕಾತು.

ನಮ್ಮ ದೇಶದಾಗ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದನ ಆನ್‌ಲೈನ್ ಕಾರ್ಡಿಗೆ ಎರಡನೇ ಪರೀಕ್ಷಾ ಕಡ್ಡಾಯ ಮಾಡಿತ್ತು. ಓಟಿಪಿ ಬರವಲ್ಲದು ಅಂತ ನಾವು ಗೊಣಗ್ತೀವಲ್ಲಾ, ಅದರ ಮೂಲ ಇದ. ಅಮೆರಿಕಾದ ಕಾರ್ಡಿಗೆ ಇಂಥಾ ಕಾವಲು ಇರಲಿಲ್ಲ; ಅಲ್ಲಿರೋ ನಮ್ಮ ಅಕ್ಕ-ತಂಗ್ಯಾರು ಇದನ್ನ ನೆನಪಿಡ್ರಿ. ಇಲ್ಲಿಯವರೂ ನಿಶ್ಚಿಂತಿ ಇರಬ್ಯಾಡ್ರಿ. ಗಿಫ್ಟ್ ಕಾರ್ಡಿನಿಂದ ತುಂಬಿಸಿಟ್ಟ ಬಾಕಿಗೆ ಓಟಿಪಿ ಬರೂದಿಲ್ಲ, ಯುಪಿಐ ಲೈಟ್ ಸಣ್ಣ ಮೊತ್ತಕ್ಕ ಪಿನ್ ಕೇಳೂದಿಲ್ಲ.

ಗೂಗಲ್ ಪ್ಲೇ ಸೆಟ್ಟಿಂಗ್ಸ್‌ನಾಗ ಪ್ರತಿ ಖರೀದಿಗೂ ಪರಿಶೀಲನೆ ಬೇಕು ಅನ್ನೂದನ್ನ ಆರಿಸ್ರಿ. ಐಪ್ಯಾಡ್ ಇದ್ರ ಸ್ಕ್ರೀನ್ ಟೈಮ್ ಒಳಗ ಹೋಗಿ ಇನ್-ಆಪ್ ಪರ್ಚೇಸಸ್‌ಗೆ 'ಡೋಂಟ್ ಅಲೋ' ಕೊಡ್ರಿ. ಹುಡುಗ್ರ ಬೆರಳಚ್ಚು ಅದರಾಗ ಸೇರಿಸಿದ್ರ ತೆಗೀರಿ, ಅದೂ ಪಾಸ್‌ವರ್ಡ್ ಇದ್ದಂಗ. ಇಷ್ಟಾದ ಮ್ಯಾಲೂ ರೊಕ್ಕ ಹೋದ್ರ ಕೂಸಿಗೆ ಬಡೀಲಿಕ್ಕೆ ಹೋಗಬ್ಯಾಡ್ರಿ. ಮೊದಲು ಅಂಗಡಿಯವರಿಗೆ ಬರೆದು ವಾಪಸ್ ಕೇಳ್ರಿ. ಗೂಗಲ್‌ದಾಗಾದ್ರ 48 ತಾಸಿನೊಳಗ ಕೇಳಿದ್ರ ಛಲೋ.